ಅರ್ಧ ಡಬ್ಬಿ ಹೊರಗೆ ಹೋಗಬಾರದು

ನಾನು ಬಿ.ಎಸ್ಸಿ. ಪಾಸಾದಾಗ ಸಿಂದಗಿಯ ನಮ್ಮ ಓಣಿಗೆಲ್ಲ ಪೇಡೆ ಹಂಚಿದ ಅಪ್ಪ, ನನಗೆ ನೌಕರಿ ಸಿಕ್ಕ ಮೇಲೆ ಯಾರಾದರೂ "ಮಗಳು ಏನ್ ಮಾಡ್ತಾಳ್ರಿ" ಎಂದು ಕೇಳಿದರೆ ಈ ಸಲದ ಹಿಂಗಾರಿ ಮಳೆಯ ಸುದ್ದಿ ತೆಗೆಯುತ್ತಿದ್ದ. ಅವನನ್ನು ಬೈಯುವ ಹಾಗೂ ಇರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಹಳ್ಳಿಗಳಲ್ಲಿ ತಿರುಗಿ ಬಸುರಿ ಹೆಂಗಸರ ಮೂತ್ರವನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಬಿಜಾಪುರಕ್ಕೆ ಒಯ್ದು ಮುಟ್ಟಿಸುವುದು ನನ್ನ ಕೆಲಸ. ಯಾವ ಅಪ್ಪ ಅದನ್ನು ಕಟ್ಟೆಯ ಮೇಲೆ ಕೂತು ಹೇಳಿಯಾನು? ಅವ್ವ ಮಾತ್ರ ಜಾಣೆ. "ಔಷಧದ ಖಾತೇದಾಗ ಅದಾಳ" ಎಂದು ಹೇಳಿ ಮುಗಿಸುತ್ತಿದ್ದಳು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಕೆಲಸಕ್ಕೆಂದು ನಮಗೆ ಒಂದು ಜೀಪು ಇತ್ತು, ಆದರೆ ಅದು ಓಡುತ್ತಿದ್ದುದಕ್ಕಿಂತ ಗ್ಯಾರೇಜಿನಲ್ಲಿ ಮಲಗುತ್ತಿದ್ದುದೇ ಹೆಚ್ಚು. ಹಾಗಾಗಿ ನನ್ನ ಸವಾರಿ ಕೆಂಪು ಬಸ್ಸಿನಲ್ಲಿ, ಎರಡೂ ಕೈಯಲ್ಲಿ ಐದೈದು ಲೀಟರಿನ ಬಿಳಿ ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು. ಎಣ್ಣೆ ಒಯ್ಯಲು ಜನ ಬಳಸುವಂಥದೇ ಡಬ್ಬಿ. ಕಂಡಕ್ಟರು "ಎಣ್ಣಿ ಏನ್ರಿ ಅಕ್ಕಾರ?" ಎನ್ನುವನು, ನಾನು ಹೌದ್ರಿ ಎನ್ನುವೆ. ಒಮ್ಮೆ ಬಾಗೇವಾಡಿಯ ಹತ್ತಿರ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಕುಸುಬಿ ಎಣ್ಣಿ ಕಾಣತೈತಿ. ಬಣ್ಣ ಭಾಳ ಛಲೋ ಐತಿ. ಯಾವ ಗಾಣದ್ದು?" ಎಂದರು. ನಾನು ಬಾಯಿಗೆ ಬಂದ ಒಂದು ಊರಿನ ಹೆಸರು ಹೇಳಿದೆ. ಅವರು ಆಮೇಲೆ ಆ ಊರಿಗೆ ಹೋಗಿ ಗಾಣ ಹುಡುಕಿದರೋ ಏನೋ, ನನಗೆ ಇವತ್ತಿಗೂ ಪಾಪ ಕಾಡುತ್ತದೆ.

ಇದೆಲ್ಲ ಒಂದು ಸಂಶೋಧನೆಗಾಗಿ. ಅದನ್ನು ನಡೆಸುತ್ತಿದ್ದವರು ಮೈಸೂರು ಕಡೆಯಿಂದ ಬಂದ ಒಬ್ಬ ಡಾಕ್ಟರಮ್ಮ. ಬಿಜಾಪುರದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಪ್ರಯೋಗಾಲಯ ಮಾಡಿಕೊಂಡಿದ್ದರು. ಸಿಟ್ಟು ಬಂದಾಗ ಪೆನ್ಸಿಲು ಕಚ್ಚುವುದು ಅವರ ಚಟ. ನಾನು ಸೇರಿದ ಮೇಲೆ ಅವರಿಗೆ ಪೆನ್ಸಿಲಿನ ಖರ್ಚು ಹೆಚ್ಚಾಯಿತು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು.

"ನೋಡಮ್ಮ, ಮೂತ್ರಪಿಂಡದ ತಲೆ ಮೇಲೆ ಟೋಪಿ ಥರ ಒಂದು ಗ್ರಂಥಿ ಇದೆ. ಅಡ್ರಿನಲ್ ಅಂತ. ಅದರಿಂದ ಸ್ಟಿರಾಯ್ಡ್ ಅನ್ನೋ ಹಾರ್ಮೋನುಗಳು ಬರುತ್ತವೆ. ಬಸುರಾದಾಗ ಅದಕ್ಕೆ ಕೆಲಸ ಜಾಸ್ತಿ. ಹೊಟ್ಟೆ ತುಂಬ ಊಟ ಇಲ್ಲದ ಬಸುರಿಯಲ್ಲಿ ಅದು ಹೇಗೆ ಕೆಲಸ ಮಾಡುತ್ತೆ, ಊಟ ಹೆಚ್ಚಿಸಿದರೆ ಏನಾಗುತ್ತೆ, ಇದನ್ನ ತಿಳ್ಕೋಬೇಕು. ಹಾರ್ಮೋನು ಕೊನೆಗೆ ಹೊರಗೆ ಬರೋದು ಮೂತ್ರದಲ್ಲಿ. ಅದಕ್ಕೆ ನನಗೆ ಒಂದು ಹೆಂಗಸಿನ ಪೂರಾ ಇಪ್ಪತ್ತನಾಲ್ಕು ಗಂಟೆ ಮೂತ್ರ ಬೇಕು. ಒಂದು ಹನಿ ಹೆಚ್ಚು ಬೇಡ, ಕಮ್ಮಿ ಬೇಡ."

ನಮ್ಮ ಕಡೆ ಬಸುರಿ ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ತಟ್ಟೆಯ ರೊಟ್ಟಿ ಕಡಿಮೆ ಮಾಡುತ್ತಿದ್ದರು. ಡಾಕ್ಟರಮ್ಮ ದಿನಕ್ಕೆ ಎರಡು ಶೇಂಗಾ ಉಂಡೆ ಕೊಡಿಸುವ ವ್ಯವಸ್ಥೆ ಮಾಡಿದರು. ಮತ್ತೆ ಅವರ ಇನ್ನೊಂದು ನೇಮ: ಪ್ರತಿ ಬಸುರಿಗೂ ಒಂದು ಜೋಡಿ ಬೇಕು. ಅದೇ ಮನೆಯವಳು, ಅದೇ ಒಲೆಯ ರೊಟ್ಟಿ ತಿನ್ನುವವಳು, ಆದರೆ ಬಸುರಿ ಅಲ್ಲದವಳು. ಇಬ್ಬರನ್ನೂ ಹೋಲಿಸಿ ನೋಡಬೇಕಲ್ಲ.

ಕಾಗದದ ಮೇಲೆ ಇದು ಬಹಳ ಸರಳ. ತಾಂಬಾದ ಒಂದು ದೊಡ್ಡ ಮನೆಗೆ ಹೋದಾಗ ಇದರ ಬಿಸಿ ನನಗೆ ತಟ್ಟಿತು. ಆ ಮನೆಯ ಯಜಮಾನತಿ ಅರವತ್ತರ ಆಸುಪಾಸಿನವಳು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಊರವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳಿಗೆ ಇಬ್ಬರು ಸೊಸೆಯರು. ಕಿರಿಯವಳಿಗೆ ನಾಲ್ಕು ತಿಂಗಳು, ಮೊದಲ ಬಸಿರು. ನಾನು ಇಪ್ಪತ್ತೆರಡು ವರ್ಷದ ಹುಂಬಿ, ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಆಯಿ, ಹೊಟ್ಟೀಲೆ ಇರಲಾರದಾಕಿ ಒಬ್ಬಾಕಿ ಬೇಕ್ರಿ" ಎಂದೆ.

"ಅಂಥಾಕಿ ನಮ್ಮ ಮನ್ಯಾಗ ಕಾಯಂ ಅದಾಳ ತಂಗಿ," ಎಂದಳು ಆಯಿ. "ಹಿರೀ ಸ್ವಾಸಿ. ಹನ್ನೊಂದ ವರ್ಷಾತು, ಖಾಲಿ."

ಹಿರಿಯ ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ನನ್ನ ನಾಲಿಗೆಯನ್ನು ಅಲ್ಲೇ ಕತ್ತರಿಸಿ ಹಾಕಬೇಕು ಅನ್ನಿಸಿತು. ಆದರೆ ಹೇಳಬೇಕೆಂದರೆ, ಆ ಮನೆಯಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ತಿಳಿದುಕೊಂಡವಳು ಅವಳೊಬ್ಬಳೇ. ಮುಂಜಾನೆ ಎದ್ದಾಗಿನ ಮೊದಲನೆಯದು ಬೇಡ, ಆಮೇಲಿನದೆಲ್ಲ ಡಬ್ಬಿಗೆ, ಮರುದಿನ ಮುಂಜಾನೆಯ ಮೊದಲನೆಯದಕ್ಕೆ ಮುಗಿಯಿತು. ಕಿರಿಯವಳಿಗೆ ಇದನ್ನು ಅವಳೇ ಕೂತು ಹೇಳಿಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಾನೂ ಒಂದು ಕೆಲಸಕ್ಕ ಬಂದ್ಯಾ ಅಂದಂಗಾತು, ಬಾಯಾರ" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಅವಳಿಗೆ ಎರಡು ಸಲ ಬಸಿರು ನಿಂತು, ಎರಡೂ ಸಲ ಇಳಿದು ಹೋಗಿತ್ತೆಂದು ಕಿರಿಯವಳು ಆಮೇಲೆ ನನಗೆ ಹೇಳಿದಳು. ಹಿರಿಯ ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತು ಆ ಮನೆಯಲ್ಲಿ ನಡೆದೇ ಇತ್ತು. ನಾನು ಧೈರ್ಯ ಮಾಡಿ, "ಒಬ್ಬಾಕಿ ಇರೂವಾಗ ಇನ್ನೊಬ್ಬಾಕೀನ ತರಾಕ ಕಾಯ್ದೇದಾಗ ಬರೂದಿಲ್ರಿ ಆಯಿ" ಎಂದೆ.

"ಕಾಯ್ದೆ ಬಿಜಾಪುರದಾಗ ಇರತೈತಿ," ಎಂದಳು ಆಯಿ. "ತಾಂಬಾದಾಗ ನಾ ಇರತೇನಿ."

ಎರಡು ತಿಂಗಳು ಡಬ್ಬಿಗಳು ಬಂದವು, ಹೋದವು. ಡಬ್ಬಿಗಳು ತುಂಬಿ ತುಳುಕುವಂತೆ ಬರುತ್ತಿದ್ದುದನ್ನು ಕಂಡು ನಮ್ಮ ಹೆಂಗಸರು ಎಷ್ಟು ಪ್ರಾಮಾಣಿಕರು ಎಂದು ನಾನು ಹಿಗ್ಗಿದ್ದೆ. ಒಂದು ದಿನ ಡಾಕ್ಟರಮ್ಮ ಕರೆದರು. ಮೇಜಿನ ಮೇಲೆ ಮೂರು ಪೆನ್ಸಿಲು ಕಚ್ಚಿ ಬಿದ್ದಿದ್ದವು.

"ಕ್ರಿಯಾಟಿನಿನ್ ಅಂದ್ರೇನು ಹೇಳು."

ಗೊತ್ತಿತ್ತು, ಹೇಳಿದೆ. ಮೈಯ ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಒಂದು ವಸ್ತು. ಒಬ್ಬ ಮನುಷ್ಯನಿಂದ ದಿನಾಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುತ್ತದೆ. ಅದಕ್ಕೇ ಡಬ್ಬಿಯಲ್ಲಿ ಪೂರ್ತಿ ಒಂದು ದಿನದ್ದು ಇದೆಯೋ ಇಲ್ಲವೋ ಎಂದು ಅದರಿಂದ ತಾಳೆ ನೋಡುತ್ತಾರೆ.

"ಹಾಗಾದರೆ ತಾಂಬಾದ ಬಸುರಿ ಡಬ್ಬಿಯಲ್ಲಿ ಮೂರು ಜನರ ಕ್ರಿಯಾಟಿನಿನ್ ಹೇಗೆ ಬಂತು? ಗೊಳಸಂಗಿಯದರಲ್ಲಿ ಇಬ್ಬರದು. ತಂಗಡಗಿಯದರಲ್ಲಿ ಅರ್ಧ ಮನುಷ್ಯನದು. ಅಲ್ಲಮ್ಮ, ನೀನು ಹಳ್ಳಿಗೆ ಹೋಗ್ತೀಯೋ, ಮನೇಲಿ ಕೂತು ಡಬ್ಬಿ ತುಂಬಿಸ್ತೀಯೋ?"

ನನಗೆ ಕಾಲಿನಿಂದ ತಲೆಯವರೆಗೆ ಉರಿಯಿತು. ಉರಿಬಿಸಿಲಿನಲ್ಲಿ ಎರಡು ಡಬ್ಬಿ ಹೊತ್ತು ನಾಲ್ಕು ತಾಲೂಕು ತಿರುಗಿದವಳಿಗೆ ಈ ಮಾತೇ? ಮರುದಿನವೇ ಮೊದಲ ಬಸ್ಸಿಗೆ ತಾಂಬಾಕ್ಕೆ ಹೋದೆ. ಅಂಗಳದಲ್ಲೇ ಆಯಿಯನ್ನು ತಡೆದು ನಿಲ್ಲಿಸಿ, ಕಿರಿಯವಳ ಡಬ್ಬಿಯಲ್ಲಿ ಬೇರೆಯವರದು ಏನಾದರೂ ಸೇರಿದೆಯೇ ಎಂದು ಕೇಳಿದೆ.

ಆಯಿ ಮುಚ್ಚಿಡಲಿಲ್ಲ. "ಹೌದು ಮತ್ತ. ಇಷ್ಟ ದೊಡ್ಡ ಡಬ್ಬಿ ಕೊಡತಿ, ಆ ಹುಡಿಗಿ ಒಬ್ಬಾಕಿ ಎಷ್ಟಂತ ತುಂಬಸ್ಯಾಳು? ನೋಡತೇನಿ, ಅರ್ಧಾ ಆಗಿತ್ತು. ಬಸರಿ ಇದ್ದ ಮನಿಯಿಂದ ಅರ್ಧಾ ಡಬ್ಬಿ ಹೊರಗ ಹೋಗಬಾರದು. ನಾನೂ ಹೋದ್ಯಾ. ನಮ್ಮ ನಾದನಿ ಬಂದಿದ್ಳು, ಆಕೀನೂ ಹೋದ್ಳು. ಕಂಠದ ಮಟಾ ಬಂತು."

"ಆಯಿ, ಅದರಾಗ ನಿಮ್ದು ಸೇರಬಾರದ್ರಿ."

"ಯಾಕ? ನಮ್ದೇನ ಕೆಟ್ಟೈತೇನು?"

ನಮ್ಮ ಕಡೆ ಪಕ್ಕದ ಮನೆಯವರು ಬಟ್ಟಲಲ್ಲಿ ಏನಾದರೂ ಕಳಿಸಿದರೆ ಆ ಬಟ್ಟಲನ್ನು ಖಾಲಿ ಹೊಳ್ಳಿ ಕೊಡುವುದಿಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿಯೇ ಕೊಡುತ್ತೇವೆ. ಬಸುರಿ ಇರುವ ಮನೆಯಲ್ಲಿ ಅದು ಇನ್ನೂ ಬಿಗಿ. ಅದೇ ನೀರು ಕುಡಿದು ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಕಾಲೇಜಿನ ರಸಾಯನಶಾಸ್ತ್ರ ನನ್ನ ತಲೆಯಿಂದ ಅದನ್ನು ತೊಳೆದು ಹಾಕಿತ್ತು.

"ಹಿರೀ ಸ್ವಾಸಿ ಡಬ್ಬೀನೂ ತುಂಬಿಸಿದ್ರೇನ್ರಿ?" ಎಂದೆ.

"ಆಕೀದಕ್ಕ ಯಾಕ? ಅದು ಬಸರಿ ಡಬ್ಬಿ ಅಲ್ಲಲ್ಲ. ಅರ್ಧಾ ಹೋದ್ರೂ ನಡೀತೈತಿ."

ಒಳಗೆ ಮತ್ತೆ ರೊಟ್ಟಿಯ ಬಡಿತ ನಿಂತಿತು.

ಉಳಿದ ಊರುಗಳಲ್ಲೂ ಇದೇ ಕಥೆ. ಗೊಳಸಂಗಿಯಲ್ಲಿ ನೆರೆಮನೆಯವಳು ಬಂದು ಕೈಲಾದ ಸಹಾಯ ಮಾಡಿದ್ದಳು. ತಂಗಡಗಿಯ ಅಜ್ಜಿಯೊಬ್ಬಳು ಎಲ್ಲರಿಗಿಂತ ದೈವಭಕ್ತೆ, ಮೊಮ್ಮಗಳ ಡಬ್ಬಿ ತುಂಬಲಿಲ್ಲವೆಂದು ಒಂದಿಷ್ಟು ಚೆಲ್ಲಿ ಶುದ್ಧ ಮಾಡಿ, ಮೇಲಿನದನ್ನು ಕೃಷ್ಣೆಯ ನೀರಿನಿಂದ ತುಂಬಿಸಿದ್ದಳು. ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದೆ. ಅವರು ಪರೀಕ್ಷೆಯ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ, "ಅಂದರೆ ನಾನು ಎರಡು ತಿಂಗಳಿಂದ ಅತ್ತೆಯರ ಅಡ್ರಿನಲ್ ಅಧ್ಯಯನ ಮಾಡ್ತಾ ಇದೀನಿ" ಎಂದು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದರಲ್ಲಿ ನಗುವಿನದು ಎಷ್ಟು, ಅಳುವಿನದು ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ದಾರಿ ತೋರಿಸಿದವಳು ಕೊನೆಗೆ ಆಯಿಯೇ. ತುಂಬಿಸಲೂಬಾರದು, ಅರ್ಧ ಕಳಿಸಲೂಬಾರದು, ಹಾಗಾದರೆ ಏನು ಮಾಡುವುದು ಎಂದು ನಾನು ಅವಳ ಮುಂದೆಯೇ ತಲೆ ಕೆರೆದುಕೊಂಡೆ. ಅವಳು ಒಳಗೆ ಹೋಗಿ ಒಂದು ಅರಿವೆಯ ಚೂರಿನಲ್ಲಿ ಹಿಡಿ ಜೋಳ ಕಟ್ಟಿ ತಂದು ಡಬ್ಬಿಯ ಹಿಡಿಕೆಗೆ ಗಂಟು ಹಾಕಿದಳು. "ಕಾಳು ಕೂಡ ಹೋತಂದ್ರ ತುಂಬಿದಂಗ ಆತು" ಎಂದಳು. ನಾಲ್ಕೂ ತಾಲೂಕಿನಲ್ಲಿ ನಾನು ಅದನ್ನೇ ಹೇಳಿಕೊಟ್ಟೆ, ಎಲ್ಲರೂ ಒಪ್ಪಿದರು. ಅಂದಿನಿಂದ ಬಸುರಿಯರ ಡಬ್ಬಿಗಳೆಲ್ಲ ಜೋಳದ ಗಂಟು ಕಟ್ಟಿಕೊಂಡು ಬರತೊಡಗಿದವು, ಬಸುರಿಯಲ್ಲದವರ ಡಬ್ಬಿ ಬೋಳು. ಕ್ರಿಯಾಟಿನಿನ್ ಒಬ್ಬೊಬ್ಬರಿಗೆ ಇಳಿಯಿತು. ಪ್ರಯೋಗಾಲಯದ ಕಿಟಕಿಗೆ ಗುಬ್ಬಿಗಳು ಬರಲು ಶುರುವಾದವು, ಡಾಕ್ಟರಮ್ಮ ದಿನಾ ಅವಕ್ಕೆ ಜೋಳ ಹಾಕುತ್ತಿದ್ದರು.

ಇನ್ನೇನು ಎಲ್ಲ ಸರಿಯಾಯಿತು ಎನ್ನುವಾಗ ಮತ್ತೆ ಕರೆ ಬಂತು. ಈ ಸಲ ಡಾಕ್ಟರಮ್ಮನ ಮುಂದೆ ಇದ್ದದ್ದು ತಾಂಬಾದ ಹಿರಿಯ ಸೊಸೆಯ ಪರೀಕ್ಷೆಯ ಕಾಗದ.

"ಕ್ರಿಯಾಟಿನಿನ್ ಸರಿಯಾಗಿದೆ. ಒಬ್ಬಳದೇ. ಆದರೆ ಬಸುರಿಯರಲ್ಲಿ ಮಾತ್ರ ಇಷ್ಟು ಏರೋ ಹಾರ್ಮೋನು ಇದರಲ್ಲಿ ಏರಿದೆ. ಯಾವುದೋ ಊರಿನ ಬಸುರಿ ಡಬ್ಬಿಗೆ ಇವಳ ಚೀಟಿ ಅಂಟಿಸಿದೀಯ. ನೋಡು, ಜೋಳದ ಗಂಟು ಬೇರೆ ಇದೆ. ಬಸುರಿ ಡಬ್ಬಿಗೆ ಮಾತ್ರ ಕಟ್ಟೋದು ಅಂತ ನೀನೇ ಹೇಳಿದ್ದೆ."

ಗಂಟು ಇದ್ದದ್ದು ನಿಜ. ಎರಡು ಡಬ್ಬಿಯನ್ನೂ ಆಯಿಯ ಕೈಯಿಂದ ಇಸಿದುಕೊಂಡು ಬಸ್ಸಿಗೆ ಓಡಿದ್ದೆ, ಯಾವುದಕ್ಕೆ ಏನು ಕಟ್ಟಿದೆ ಎಂದು ನೋಡಿರಲಿಲ್ಲ. ಆದರೂ ಚೀಟಿ ಬರೆಯುವುದರಲ್ಲಿ ನಾನು ತಪ್ಪುವವಳಲ್ಲ. "ಮೇಡಂ, ಖರೇನ ಆಕಿ ಬಸರಿ ಇದ್ರ?" ಎಂದೆ.

ಡಾಕ್ಟರಮ್ಮ ಪೆನ್ಸಿಲು ಕೆಳಗಿಟ್ಟರು. "ಇರಬಹುದು. ಇಲ್ಲದೆಯೂ ಇರಬಹುದು. ಹೋಗಿ ಇನ್ನೊಂದು ಡಬ್ಬಿ ತಾ. ಇಡೀ ದಿನ ನೀನೇ ಜೊತೆಗಿದ್ದು ತಾ. ಅಲ್ಲೀವರೆಗೆ ಯಾರ ಹತ್ತಿರಾನೂ ಬಾಯಿ ಬಿಡಬೇಡ. ಒಂದು ಡಬ್ಬಿ ನಂಬಿ ಅಂಥ ಹೆಂಗಸಿಗೆ ಆಸೆ ಹುಟ್ಟಿಸೋದು ಪಾಪ. ಮತ್ತೆ ಇದು ನಿನ್ನ ತಪ್ಪು ಅಂತ ಆದರೆ, ಸಿಂದಗಿಯಲ್ಲಿ ಟೀಚರ್ ಕೆಲಸ ನೋಡ್ಕೋ."

ಭಾನುವಾರ ಬೆಳಗಾಗುವುದರೊಳಗೆ ತಾಂಬಾದಲ್ಲಿದ್ದೆ. ಓಣಿಯ ತುದಿಯಲ್ಲೇ ಸುದ್ದಿ ಸಿಕ್ಕಿತು: ನಾಳೆ ಸೋಮವಾರ ಆಯಿ ಗೊಳಸಂಗಿಗೆ ಹೊರಟಿದ್ದಾಳೆ, ಹಿರಿಯ ಮಗನಿಗೆ ಹೆಣ್ಣು ನೋಡಲು. ಆಯಿಯೇ ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಗುಡಿಯಲ್ಲಿ ಎಲ್ಲ ಕಡೆ ಹೇಳಿ ಬಂದಿದ್ದಳು. ಡಬ್ಬಿಯ ಮಾತು ನಿಜವಾಗಿದ್ದರೆ, ಬಸುರಿಯ ಮೇಲೆ ಸವತಿ ಬರುತ್ತಾಳೆ. ಸುಳ್ಳಾಗಿದ್ದರೆ ನಾನು ಬಾಯಿ ಬಿಟ್ಟು ಮೂರನೆಯ ಸಲ ಅವಳ ಎದೆ ಒಡೆದಂತೆ.

ಆ ದಿನ ನಾನು ಅವಳ ಬೆನ್ನು ಬಿಡಲಿಲ್ಲ. ಅವಳು ಬಾವಿಗೆ ಹೋದರೆ ನಾನು ಬಾವಿಗೆ, ಹಿತ್ತಲಿಗೆ ಹೋದರೆ ಹಿತ್ತಲಿಗೆ, ಹೊಲಕ್ಕೆ ಬುತ್ತಿ ಒಯ್ದರೆ ಹಿಂದೆ ಡಬ್ಬಿ ಹಿಡಿದುಕೊಂಡು ನಾನು. ಎದುರು ಬಂದವರೆಲ್ಲ ನಿಂತು ನೋಡುತ್ತಿದ್ದರು. "ಬಾಯಾರ, ಲಗ್ನಾದ ಹೊಸದಾಗಿ ನನ್ನ ಗಂಡಾನೂ ಹಿಂಗ ಬೆನ್ನ ಹತ್ತಿ ತಿರಗಿದ್ದಿಲ್ರಿ" ಎಂದಳು. ನಾನು ನಗಬೇಕೆಂದೆ, ಆಗಲಿಲ್ಲ. ಹೊಲದ ಬದುವಿನ ಮೇಲೆ ಬೇವಿನ ಗಿಡದ ಕೆಳಗೆ ಕೂತಾಗ ಅವಳು ನನ್ನ ಮುಖವನ್ನೇ ನೋಡಿದಳು.

"ಆ ಡಬ್ಬ್ಯಾಗ ಏನರ ಕಂಡೈತೇನ್ರಿ?"

ಬಾಯಿ ಬಿಡಬೇಡ ಎಂದಿದ್ದರು ಡಾಕ್ಟರಮ್ಮ. ನಾನು ಬಾಯಿ ಬಿಡಲಿಲ್ಲ. ಆದರೆ ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಹುಟ್ಟಿದಾಗಿನಿಂದ ಅದೊಂದು ದೋಷ.

"ಎರಡೂವರಿ ತಿಂಗಳ್ರಿ," ಎಂದಳು ಅವಳು, ರೊಟ್ಟಿ ಎಷ್ಟು ಉಳಿದಿದೆ ಎಂದು ಹೇಳುವ ದನಿಯಲ್ಲಿ. "ಯಾರಿಗೂ ಹೇಳಿಲ್ಲ. ಗಂಡಗೂ ಹೇಳಿಲ್ಲ. ಹಿಂದಿನ ಎರಡೂ ಸಲ ಎರಡ ತಿಂಗಳಿಗೇ ಹೇಳಿದ್ಯಾ. ಅತ್ತಿ ಓಣಿ ತುಂಬ ಸಕ್ಕರಿ ಹಂಚಿದ್ರು. ಸಕ್ಕರಿ ತಿಂದವರ ಬಾಯಿ ಒಣಗೂದ್ರಾಗ ಹೋತು. ಈ ಸಲ ಮೂರ ತಿಂಗಳ ದಾಟೂ ಮಟಾ ಬಾಯಿ ಬಿಡೂದಿಲ್ಲ ಅಂತ ಆಣಿ ಮಾಡೇನಿ."

"ನಾಳೆ ಅತ್ತಿ ಹೆಣ್ಣ ನೋಡಿ ನಿಶ್ಚಯ ಮಾಡಿ ಬಂದ್ರ?"

"ಮಾಡ್ಲಿ ಬಿಡ್ರಿ. ಇದು ಉಳೀತಂದ್ರ ಆಕಿ ಬರೂದಿಲ್ಲ. ಇದು ಉಳೀಲಿಲ್ಲಂದ್ರ ನಾ ಇವತ್ತ ಹೇಳಿದ್ರೂ ಆಕಿ ಬಂದ ಬರತಾಳ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಹೇಳಬ್ಯಾಡ್ರಿ. ನನ್ನ ಮ್ಯಾಲೆ ಆಣಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಆಯಿಯ ಮೇಲೆ ಸಿಟ್ಟು ಬಂತು. ಆದರೂ ಮಾತು ಕೊಟ್ಟೆ.

ಸೋಮವಾರ ಮುಂಜಾನೆ ಡಬ್ಬಿಯ ಇಪ್ಪತ್ತನಾಲ್ಕು ಗಂಟೆ ಮುಗಿಯಿತು. ನಾನು ಮುಖ ತೊಳೆದು ಬರುವುದರಲ್ಲಿ ಆಯಿ ಡಬ್ಬಿಯನ್ನು ಹೊರಗೆ ತಂದಿಟ್ಟು, ತಾನೂ ಒಂದು ಗಂಟು ಬಗಲಲ್ಲಿಟ್ಟುಕೊಂಡು ತಯಾರಾಗಿದ್ದಳು. ನನ್ನ ಹಣೆಬರಹ ನೋಡಿ, ಇಬ್ಬರಿಗೂ ಒಂದೇ ಬಸ್ಸು, ಒಂದೇ ಸೀಟು. ಅವಳು ಬಿಜಾಪುರಕ್ಕೆ ಬಂದು ಅಲ್ಲಿಂದ ಗೊಳಸಂಗಿಯ ಬಸ್ಸು ಹಿಡಿಯಬೇಕು. ಡಬ್ಬಿ ನಮ್ಮಿಬ್ಬರ ಕಾಲಿನ ನಡುವೆ ಕೂತಿತು. ನಾಲ್ಕು ಹರದಾರಿ ನಾನು ಕಿಟಕಿಯ ಆಚೆ ನೋಡುತ್ತ ಹಲ್ಲು ಕಚ್ಚಿಕೊಂಡಿದ್ದೆ. ಐದನೆಯದಕ್ಕೆ ಆಗಲಿಲ್ಲ.

"ಆಯಿ, ನಿಮಗ ಕರುಣಾ ಅನ್ನೂದು ಐತೇನ್ರಿ? ಹನ್ನೊಂದ ವರ್ಷ ನಿಮ್ಮ ಮನ್ಯಾಗ ರೊಟ್ಟಿ ಬಡದಾಳ ಆಕಿ."

ಆಯಿ ಹಿಂದೆ ಮುಂದೆ ನೋಡಿದಳು. ಮುಂದಿನ ಸೀಟಿನವರು ನಿದ್ದೆಯಲ್ಲಿದ್ದರು. ಅವಳು ಬಗಲ ಗಂ‌ಟನ್ನು ತೊಡೆಯ ಮೇಲಿಟ್ಟು, ಮೂಲೆಯನ್ನಷ್ಟೇ ಬಿಚ್ಚಿ ತೋರಿಸಿದಳು. ಒಳಗೆ ಹಸಿರು ಬಣ್ಣದ ಗುಳೇದಗುಡ್ಡದ ಖಣ, ರವಿಕೆಯ ಬಟ್ಟೆ. ಅದರ ಕೆಳಗೆ ಡಬರಿಯಲ್ಲಿ ಶೇಂಗಾ ಹೋಳಿಗೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸುರಿಗೆ ಮೂರನೆಯ ತಿಂಗಳಲ್ಲಿ ತವರಿನವರು ಯಾರಿಗೂ ಗೊತ್ತಾಗದಂತೆ ಹಸಿರು ಕುಬಸ ತಂದು ಉಡಿ ತುಂಬುತ್ತಾರೆ. ಅದಕ್ಕೇ ಅದನ್ನು ಕಳ್ಳ ಕುಬಸ ಎನ್ನುತ್ತಾರೆ.

"ಆಕಿಗೆ ತವರ್‍ಯಾಗ ಅವ್ವ ಇಲ್ಲ," ಎಂದಳು ಆಯಿ ಮೆಲ್ಲಗೆ. "ಚಿಗವ್ವ ಗೊಳಸಂಗ್ಯಾಗ ಅದಾಳ. ಕುಬಸಾ ತವರಿಂದ ಬರಬೇಕಲ್ಲ, ನಾ ಕೊಟ್ರ ನಡಿಯೂದಿಲ್ಲ. ಆಕಿ ಕೈಯಾಗ ಕೊಟ್ಟು ಗುರುವಾರ ತಗೊಂಡ ಬಾ ಅಂತ ಹೇಳಿ ಬರತೇನಿ."

"ಮತ್ತ ಹೆಣ್ಣ ನೋಡಾಕ ಅಂದ್ರಿ?" ಎಂದೆ.

"ಮೊದಲ ಖರೇನ ನೋಡಾಕತ್ತಿದ್ಯಾ. ಸುಳ್ಳ ಯಾಕ ಹೇಳ್ಲಿ? ಈಗ ಒಂದು ತಿಂಗಳಾತು ಬಿಟ್ಟು. ಬಾಯಿಲೆ ಮಾತ್ರ ಬಿಟ್ಟಿಲ್ಲ. ಹಿಂದ ಎರಡ ಸಲ ನಾನ ಸಕ್ಕರಿ ಹಂಚಿ ಊರ ದೃಷ್ಟಿ ಹಚ್ಚಿದ್ಯಾ. ಈ ಸಲ ಊರ ಕಣ್ಣು ಗೊಳಸಂಗಿ ಕಡೆ ಇರ್ಲಿ, ಆಕಿ ಹೊಟ್ಟಿ ಕಡೆ ಬ್ಯಾಡ."

"ನಿಮಗ ಹೆಂಗ ಗೊತ್ತಾತ್ರಿ?"

"ಹುಳಿ ಹುಳಿ ಪುಂಡಿಪಲ್ಯ ಎರಡೆರಡ ಸಲ ಹಾಕ್ಕೊಂತಾಳ. ರೊಟ್ಟಿ ಸುಡೂವಾಗ ಮಾರಿ ಆ ಕಡೆ ಮಾಡಿ ಉಸರ ಹಿಡೀತಾಳ. ಅತ್ತಿ ಅಂದ್ರ ಕುರುಡಿ ಅಂತ ತಿಳದೀಯೇನ?"

"ಆಕಿಗೆ ಒಂದ್ ಮಾತ ಹೇಳಬಾರದೇನ್ರಿ? ಒಬ್ಬಾಕಿನ ಕುಂತ ಅಳತಾಳ."

"ಆಕಿ ನನಗ ಹೇಳ್ಯಾಳೇನು?" ಎಂದಳು ಆಯಿ. ಬಿಚ್ಚಿದ ಮೂಲೆಯನ್ನು ಮತ್ತೆ ಬಿಗಿದು ಕಟ್ಟಿದಳು. "ಗುರುವಾರ ತಿಳೀತೈತಿ ಬಿಡು."

ಆಗ ನಾನು ಕಾಲ ಬಳಿ ಇದ್ದ ಡಬ್ಬಿಯ ಕಡೆ ನೋಡಿದೆ. ಹಿಡಿಕೆಗೆ ಜೋಳದ ಗಂಟು. ಹೋದ ತಿಂಗಳಿನದಕ್ಕೂ ಅದನ್ನು ಕಟ್ಟಿದ್ದು ಇವಳೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾನು ಮತ್ತು ಡಾಕ್ಟರಮ್ಮ ಮಾಡಿದ್ದು ಅದನ್ನೇ. ಪ್ರಯೋಗಾಲಯದಲ್ಲಿ ಪರೀಕ್ಷೆ ಮುಗಿದಾಗ ಫಲ ಅದೇ ಬಂತು. ಗಂಟಿನ ಕಥೆ ಕೇಳಿ ಡಾಕ್ಟರಮ್ಮ, "ಹಾಗಾದರೆ ನಮ್ಮ ಮಷೀನಿಗಿಂತ ಆಕೆ ಮುಂದಿದ್ದಾಳೆ" ಎಂದರು. ನನ್ನ ಕ್ಷಮೆ ಕೇಳಲಿಲ್ಲ. ಒಂದು ಹೊಸ ಪೆನ್ಸಿಲು ಕೊಟ್ಟರು.

ಎರಡು ತಿಂಗಳ ಮೇಲೆ ಮತ್ತೆ ತಾಂಬಾಕ್ಕೆ ಹೋದೆ. ಕಿರಿಯವಳು ಹೆರಿಗೆಗೆ ತವರಿಗೆ ಹೋಗಿದ್ದಳು. ಬಾಗಿಲು ತೆರೆದವಳು ಹಿರಿಯ ಸೊಸೆ. ಮೈಮೇಲೆ ಹಸಿರು ಕುಬಸ, ಸೆರಗಿನ ಕೆಳಗೆ ಮುಚ್ಚಿದರೂ ಮುಚ್ಚದ ಐದು ತಿಂಗಳು. ನನ್ನನ್ನು ನೋಡಿ ನಕ್ಕಳು. ಈ ನಗು ನನಗೆ ಹಿಡಿಸಿತು. ಅವಳು ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ನಾನು ಎರಡು ಹೊಸ ಡಬ್ಬಿ ತಂದಿದ್ದೆ. ಒಂದು ಅವಳಿಗೆ. ಇನ್ನೊಂದಕ್ಕೆ ಬಸುರಿಯಲ್ಲದವಳು ಬೇಕಲ್ಲ, ಈ ಸಲ ಬುದ್ಧಿ ಕಲಿತವಳಂತೆ ಆಯಿಯ ಕಿವಿಯಲ್ಲಿ ಕೇಳಿದೆ.

ಆಯಿ ಮಾತ್ರ ಓಣಿಗೆಲ್ಲ ಕೇಳುವಂತೆ ಹೇಳಿದಳು: "ನಮ್ಮ ಮನ್ಯಾಗ ಖಾಲಿ ಇದ್ದಾಕಿ ಯಾರೂ ಇಲ್ಲ ತಂಗಿ. ಬ್ಯಾರೆ ಮನಿ ನೋಡು."

ಒಳಗೆ ರೊಟ್ಟಿಯ ಬಡಿತ ನಿಲ್ಲಲಿಲ್ಲ.

ಎರಡನೆಯ ಡಬ್ಬಿಯನ್ನು ನನ್ನ ಕೈಯಿಂದ ಇಸಿದುಕೊಂಡು ಆಯಿ ಒಳಗೆ ಹೋದಳು. ಹೊರಗೆ ಬಂದಾಗ ಅದರಲ್ಲಿ ಕಂಠದ ಮಟ್ಟ ಜೋಳ. ಬೇಡ ಎಂದರೆ ಕೇಳಿದರೆ ತಾನೆ? ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಬಂದ.

"ಎಣ್ಣಿ ಏನ್ರಿ ಅಕ್ಕಾರ?"

"ಅಲ್ರಿ. ಜ್ವಾಳ."

ಆ ನೌಕರಿಗೆ ಸೇರಿದ ಮೇಲೆ ಬಸ್ಸಿನಲ್ಲಿ ನಾನು ನಿಜ ಹೇಳಿದ್ದು ಅದೇ ಮೊದಲು. ಅವನು ನಂಬಲಿಲ್ಲ. "ಎಣ್ಣಿ ಡಬ್ಬ್ಯಾಗ ಜ್ವಾಳ ಯಾರ ಒಯ್ತಾರ್ರಿ?" ಎಂದು ಮುಚ್ಚಳ ತೆಗೆದು ಅಂಗೈಗೆ ಒಂದಿಷ್ಟು ಸುರಿದುಕೊಂಡು ನೋಡಿದ.

"ಬಸರಿ ಇದ್ದ ಮನಿಯಿಂದ ಕೊಟ್ಟಾರ್ರಿ" ಎಂದೆ.

ಬಸ್ಸು ಕುಲುಕುತ್ತಿದ್ದರೂ ಅವನು ಅಂಗೈಯಲ್ಲಿದ್ದ ಕಾಳನ್ನು ಒಂದೂ ಬೀಳದಂತೆ ಡಬ್ಬಿಗೆ ಹೊಳ್ಳಿ ಹಾಕಿ, ಮೊದಲೇ ಕೆಳಗೆ ಬಿದ್ದಿದ್ದ ಎರಡನ್ನು ಬಗ್ಗಿ ಆರಿಸಿ ಹಾಕಿ, ಮುಚ್ಚಳ ಬಿಗಿ ಮಾಡಿದ.